ಕಾಕಾನ ಬೂಟು ಹಾಕಿಕೊಂಡು ಒಳಗೆ ಹೋದದ್ದು

ಬೂಟ್ ಪಾಲಿಶಿನ ವಾಸನೆ ಮೂಗಿಗೆ ಬಡಿದರೆ ನನ್ನ ಹಸಿವೆ ಹೋಗಿಬಿಡುತ್ತದೆ. ಇದನ್ನು ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಲ್ಲ ಕೇಳಿದ ಮೇಲೆ ನೀವು "ಇಷ್ಟಕ್ಕೇನಾ?" ಅನ್ನಬಹುದು. ಹೌದು, ಇಷ್ಟಕ್ಕೇ.

ಕಳೆದ ಸೋಮವಾರ ಹಾಗೇ ಆಯಿತು. ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಸರ್ಕಾರಿ ಕಚೇರಿ. ನನ್ನದು ಅಂದರೆ, ನಾನು ಕೂರುವ ಕಚೇರಿ. ಕುಡಿಯುವ ನೀರಿನ ಪಂಪುಗಳನ್ನು ನೋಡಿಕೊಳ್ಳುವ ಇಂಜಿನಿಯರ್ ನಾನು. ಬೇಸಿಗೆ ಬಂತೆಂದರೆ ಊರೂರಿನವರ ಕೈಲಿ ಬೈಸಿಕೊಳ್ಳುವುದೇ ಮುಖ್ಯ ಕೆಲಸ. ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಬೇಕು ಅನ್ನುವಷ್ಟರಲ್ಲಿ ಕುಷ್ಟಗಿ ಕಡೆಯವರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಬೇಕು, ಅಂದರೆ ಕೆಲಸ ನಡೆಯುವ ಜಾಗದಲ್ಲಿದ್ದು ಕೆಲಸ ಕಲಿತು ಸರ್ಟಿಫಿಕೇಟ್ ತರಬೇಕು. ಇಲ್ಲದಿದ್ದರೆ ಕಾಲೇಜಿನವರು ಬಿಡುವುದಿಲ್ಲ. ಅವಳ ಕಾಲಲ್ಲಿ ಕರಿ ಬೂಟು. ಬೆಳಿಗ್ಗೆಯೇ ತಿಕ್ಕಿದ್ದಿರಬೇಕು, ಫ್ಯಾನು ಬೀಸುತ್ತಿದ್ದ ಬಿಸಿಗಾಳಿಯಲ್ಲಿ ಆ ವಾಸನೆ ನನ್ನ ಟೇಬಲ್ಲಿನ ತನಕ ಬಂತು. ಅಷ್ಟರಲ್ಲಿ ತಂದೆ ಕೈಮುಗಿದರು.

"ನಮ್ಮ ಮನಿಗಿ ಇದೊಂದು ಉಪಕಾರ ಮಾಡಿಕೊಡ್ರಿ ಮೇಡಮ್ಮರ."

ನಾನು ಬುತ್ತಿಯ ಮುಚ್ಚಳ ಮತ್ತೆ ಹಾಕಿದೆ. ಅವರಿಗೆ ಏನು ಹೇಳಿದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ಕೇಳುವ ರೀತಿಯೊಂದಿತ್ತು, ಅದು ನಿಮಗೆ ಗೊತ್ತಾಗಬೇಕು.

ನಮ್ಮದು ತಳಕಲ್ಲಿನ ಸಮೀಪದ ಒಂದು ಹಳ್ಳಿ. ಮನೆಯ ಯಜಮಾನಿಕೆ ಆಯಿಯದು, ಅಂದರೆ ನಮ್ಮಪ್ಪನ ತಾಯಿಯದು. ಆಯಿಯ ಪ್ರಕಾರ ಯಾರ ಮನೆಗೆ ಏನು ಕೇಳಲು ಹೋದರೂ 'ನನಗ' ಅನ್ನಬಾರದು, 'ನಮ್ಮ ಮನಿಗಿ' ಅನ್ನಬೇಕು. ಒಂದು ಚಮಚ ಹೆಪ್ಪಿರಲಿ, ಒಂದು ದಿನದ ಮಟ್ಟಿಗೆ ಎತ್ತಿರಲಿ, ಕೇಳುವುದು ಮನೆ, ಕೊಡುವುದೂ ಮನೆ. ನಡುವೆ ಓಡಾಡುವ ನಾವು ಬರೀ ಕೈಕಾಲು. ಇದರ ಬಾಲಕ್ಕೆ ಇನ್ನೊಂದು ನಿಯಮವೂ ಇತ್ತು. ಮನೆಯ ಒಬ್ಬರಿಗೆ ಕೊಟ್ಟರೆಂದರೆ ಮನೆಗೇ ಕೊಟ್ಟ ಹಾಗೆ. ಅದಕ್ಕಾಗಿ ಮತ್ತೊಬ್ಬರು ಅದೇ ಬಾಗಿಲಿಗೆ ಹೋಗಿ ನಿಲ್ಲುವುದು ಮರ್ಯಾದೆ ಅಲ್ಲ.

ಚಿಕ್ಕವಳಿದ್ದಾಗ ಒಮ್ಮೆ ಪಕ್ಕದ ಮನೆಯವರು ನನ್ನ ಕೈಗೊಂದು ಹೋಳಿಗೆ ಕೊಟ್ಟರು. ಅವರ ಹೊಸ್ತಿಲಲ್ಲೇ ತಿಂದು, ಬಾಯಿ ಒರೆಸಿಕೊಂಡು ಬಂದೆ. ತುಪ್ಪದ ವಾಸನೆ ಹಿಡಿದ ನನ್ನ ತಮ್ಮ ತನಗೂ ಬೇಕೆಂದು ಹಟ ಹಿಡಿದ.

"ನಮ್ಮ ಮನಿಗಿ ಹೋಳಿಗಿ ಬಂದೈತಿ, ಮುಗೀತು," ಅಂದಳು ಆಯಿ.

"ಅದು ಇಕಿ ಹೊಟ್ಯಾಗೈತಲ್ಲ!"

"ಇಕಿ ಹೊಟ್ಟಿ ಯಾರ ಮನಿದು?"

ಈ ರೀತಿಯಲ್ಲಿ ನಾವು ಎಷ್ಟೋ ವರ್ಷ ಚೆನ್ನಾಗಿಯೇ ಬಾಳಿದೆವು ಅಂತಲೂ ಹೇಳಬೇಕು. ಊರಲ್ಲಿ ನಮ್ಮ ಮನೆಯವರಿಗೆ ಇಲ್ಲ ಅಂದವರಿರಲಿಲ್ಲ.

ನಾನು ಇನ್ನೂ ಕನ್ನಡ ಸಾಲೆಯಲ್ಲಿದ್ದಾಗ ನಮ್ಮ ಎರೆ ಹೊಲ ಕಬ್ಬಿಣದ ಕಾರ್ಖಾನೆಗೆ ಹೋಯಿತು. ರೈಲು ಹಳಿಯ ಪಕ್ಕದಲ್ಲಿತ್ತು, ಅದೇ ಅದರ ತಪ್ಪು. ಕೊಟ್ಟ ಹಣ ಅಪ್ಪನ ತಂಗಿಯ ಮದುವೆಯಲ್ಲಿ, ಮನೆಗೆ ಹಾಕಿದ ಆರ್‌ಸಿಸಿಯಲ್ಲಿ ಕರಗಿತು. ಉಳಿದದ್ದು ಒಂದು ಮಾತು: ಹೊಲ ಕೊಟ್ಟ ಪ್ರತಿ ಮನೆಗೆ ಒಂದು ನೌಕರಿ. ಅಪ್ಪ ಆಗಲೇ ಗಂಗಾವತಿ ಕಡೆಯ ಅಕ್ಕಿ ಗಿರಣಿಯಲ್ಲಿ ಹಮಾಲಿಗೆ ಸೇರಿ, ಅಮಾವಾಸ್ಯೆಗೆ ಊರಿಗೆ ಬಂದು ಹೋಗುವವನಾಗಿದ್ದ. ಆದ್ದರಿಂದ ನೌಕರಿ ಅಪ್ಪನ ತಮ್ಮ ಶಿವಪ್ಪ ಕಾಕಾನಿಗೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಕಾಕಾ ಐಟಿಐ ಮುಗಿಸಿದ್ದ, ಮೀಸೆ ಆಗಷ್ಟೇ ದಟ್ಟವಾಗಿತ್ತು. ಒಳಗೆ ಚಪ್ಪಲಿ ಹಾಕಿಕೊಂಡವರನ್ನು ಬಿಡುವುದಿಲ್ಲ ಎಂದು ಯಾರೋ ಹೇಳಿದ್ದೇ ತಡ, ಕೊಪ್ಪಳಕ್ಕೆ ಹೋಗಿ ದಪ್ಪ ಅಡಿಯ ಕರಿ ಬೂಟು ತಂದ. ಜೊತೆಗೊಂದು ಪಾಲಿಶ್ ಡಬ್ಬಿ.

ನೌಕರಿ ಬರಲಿಲ್ಲ. ಬೂಟು ಮಾತ್ರ ವಾರವಾರವೂ ಹೊಳೆಯಿತು. ಪ್ರತಿ ಭಾನುವಾರ ಸಂಜೆ ಕಾಕಾ ಬಾಗಿಲ ಮುಂದೆ ಕೂತು ಅದನ್ನು ತಿಕ್ಕಿ, ಸೋಮವಾರ ಚೀಲದಲ್ಲಿ ಹಾಕಿಕೊಂಡು, ಚಪ್ಪಲಿಯಲ್ಲಿ ಕಾರ್ಖಾನೆಯ ಗೇಟಿಗೆ ಹೋಗುತ್ತಿದ್ದ. ಕರೆದರೆ ಅಲ್ಲೇ ಹಾಕಿಕೊಂಡು ಒಳಗೆ ಹೋಗುವುದು ಅವನ ಯೋಚನೆ. ಸಂಜೆ ಚೀಲ ಹಾಗೇ ವಾಪಸು ಬರುತ್ತಿತ್ತು. ಒಂದು ಮಹಾನವಮಿಗೆ ಆಯಿ ಎಂದಿನಂತೆ ರಂಟೆ, ಕುಂಟೆ, ಕುಡುಗೋಲುಗಳನ್ನು ತೊಳೆದು ಪೂಜೆಗೆ ಜೋಡಿಸಿದ್ದಳು. ಹೊಲ ಇಲ್ಲದಿದ್ದರೂ ಅವು ಇದ್ದವು. ಕಾಕಾ ಬಂದು ಕೊನೆಗೆ ಬೂಟಿನ ಜೋಡಿಯನ್ನೂ ಇಟ್ಟ.

"ಎಲಾ ಇವನ! ಕೆರ ತಂದು ದೇವರ ಮುಂದ ಇಡ್ತಿಯೇನೊ?"

"ಕೆರ ಅಲ್ಲಬೇ ಯವ್ವ, ದುಡಿಯೂ ಸಾಮಾನದು. ಒಂದು ಬಟ್ಟು ಕುಂಕುಮ ಹಚ್ಚು."

ಆಯಿ ಬಹಳ ಹೊತ್ತು ಗೊಣಗಿದಳು. ಆಮೇಲೆ ಹಚ್ಚಿದಳು.

ಕಾಕಾನ ಮದುವೆಯೂ ಆ ನೌಕರಿಗೇ ಜೋತು ಬಿದ್ದಿತ್ತು. ಹೆಣ್ಣಿನ ಕಡೆಯವರು ಬರುವರು, ಅವಲಕ್ಕಿ ತಿನ್ನುವರು, ಕೊನೆಗೆ ಕೇಳುವರು: "ಕಂಪನ್ಯಾಗ ತಗೊಂಡಾರೇನ್ರಿ?" ತಗೋತಾರ ಅಂತ ನಾವು. ತಗೊಂಡಮ್ಯಾಲ ನೋಡೂಣು ಅಂತ ಅವರು. ಒಬ್ಬ ಹುಡುಗಿ ಕಾಕಾನಿಗೆ ಮೆಚ್ಚಿಗೆಯಾಗಿದ್ದಳು ಅಂತ ಅವ್ವ ಹೇಳುತ್ತಿದ್ದಳು. ಅವರ ಕಡೆಯವರು ಒಂದು ಸುಗ್ಗಿ ಕಾದರು, ಎರಡನೇ ಸುಗ್ಗಿಗೆ ಕಾಯಲಿಲ್ಲ. ಅವನ ಮೀಸೆಯಲ್ಲಿ ಬಿಳಿ ಕೂದಲು ಕಂಡ ವರ್ಷವೇ ನಾನು ಇಂಜಿನಿಯರಿಂಗ್ ಸೇರಿದೆ.

ಈಗ ನನ್ನ ಇಂಟರ್ನ್‌ಶಿಪ್ಪಿನ ಕತೆಗೆ ಬರುತ್ತೇನೆ. ಅದು ಸಿಕ್ಕಿದ್ದನ್ನು ನಾನೊಂದು ಸಾಹಸವೆಂದು ಗೆಳತಿಯರ ಮುಂದೆ ಬಣ್ಣಿಸುತ್ತಿದ್ದ ಕಾಲವೂ ಒಂದಿತ್ತು. ಮೂರನೇ ವರ್ಷ ಮುಗಿಯುತ್ತಲೇ ಎಲ್ಲರೂ ಓಡಾಡತೊಡಗಿದರು. ಪರಿಚಯವಿದ್ದವರು ಪರಿಚಯ ಹಿಡಿದರು. ಇನ್ನು ಕೆಲವರು ಎಲ್ಲಿಗೂ ಹೋಗದೆ, ಮನೆಯಲ್ಲಿ ಮಲಗಿ ಎದ್ದು, ಎಲ್ಲಿಂದಲೋ ಸರ್ಟಿಫಿಕೇಟ್ ತರಿಸಿಕೊಂಡರು. ನನಗೋ ಯಂತ್ರಗಳನ್ನು ಹತ್ತಿರದಿಂದ ನೋಡುವ ಆಸೆ. ಮೆಕ್ಯಾನಿಕಲ್ ಓದುತ್ತಿದ್ದ ನಾನು ಆ ತನಕ ಬಿಚ್ಚಿ ಜೋಡಿಸಿದ್ದು ಅವ್ವನ ಮಿಕ್ಸರ್ ಒಂದನ್ನೇ. ಅದೂ ಆಮೇಲೆ ತಿರುಗಲಿಲ್ಲ. ಅರ್ಜಿ ಕಳಿಸಿದ ಕಡೆಯಿಂದೆಲ್ಲ ಉತ್ತರವಿಲ್ಲ. ಅಪ್ಪ ಶ್ರೀರಾಮನಗರದ ಗಿರಣಿ ಮಾಲೀಕರೊಬ್ಬರನ್ನು ಕೇಳಿದ. ಅವರು ತೆಲುಗು ಬೆರೆತ ಕನ್ನಡದಲ್ಲಿ ಬಹಳ ಪ್ರೀತಿಯಿಂದ, "ಗಿರಣಿಯಾಗ ಧೂಳು ಜಾಸ್ತಿ ಕದಮ್ಮಾ, ಆಫೀಸು ರೂಮ್‌ನಾಗ ಫ್ಯಾನ್ ಐತಿ, ಬಂದು ಕೂತ್ಕೋ," ಅಂದರು. ಫ್ಯಾನಿನ ಕೆಳಗೆ ಕೂರುವುದನ್ನು ಕಲಿಯಲು ಅಷ್ಟು ದೂರ ಯಾಕೆ ಎಂದು ನಾನು ಒಪ್ಪಲಿಲ್ಲ. ಕೊನೆಗೆ ದಿನ ಹತ್ತಿರ ಬಂದು, ಒಂದು ಸಂಜೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಕಾಕಾ ಹೊರಗೆ ಬೂಟು ತಿಕ್ಕುತ್ತಿದ್ದ. ಮರುದಿನ ಸೋಮವಾರವಾಗಿತ್ತು.

"ನಾಳಿ ನಾ ಕೇಳ್ತೇನಿ ತಡಿ," ಅಂದ. "ಇಷ್ಟು ವರ್ಷ ನಂದ ಕೇಳಿದ್ದಾತು. ಒಂದು ಸಲ ನಿಂದು ಕೇಳೂಣು."

ಮರುದಿನ ಅವನು ಮಧ್ಯಾಹ್ನವೇ ಬಂದ. ಮೋಟರ್ ಸೈಕಲ್ಲನ್ನು ಗೋಡೆ ಪಕ್ಕ ನಿಲ್ಲಿಸುವ ಮೊದಲೇ ಕೂಗಿದ, "ಹೂಂ ಅಂದಬಿಟ್ರು! ನಾ ಏನಂದೆ ಗೊತ್ತೈತೇನ? 'ಭೂಮಿ ಕೊಟ್ಟ ಮನಿ ಕೂಸೈತ್ರಿ ಸಾಹೇಬ್ರ, ನಮ್ಮ ಮನಿಗಂತ ಇದೊಂದು ಮಾಡಿಕೊಡ್ರಿ' ಅಂದೆ. ಮಾರಿ ನೋಡಿದ್ರು, ಕಳಸ್ರಿ ಅಂದ್ರು. ಇಷ್ಟ!"

"ಛಲೋ ಕೇಳಿದಿ," ಅಂದಳು ಆಯಿ. ಅವಳ ಬಾಯಲ್ಲಿ ಅಷ್ಟು ದೊಡ್ಡ ಶಹಬ್ಬಾಸಗಿರಿ ನಾನು ಕೇಳಿರಲಿಲ್ಲ.

ಮನೆಗೆ ಹಬ್ಬ ಬಂದ ಹಾಗಾಯಿತು. ಅವ್ವ ಆ ಮಂಗಳವಾರವೇ ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ಉಡಿ ತುಂಬಿ ಬಂದಳು. ಓಣಿಯವರು ನನಗೆ ನೌಕರಿಯೇ ಆಯಿತೆಂದು ತಿಳಿದು ಪೇಡೆ ಕೇಳಿದರು. ಕಾಕಾ ಒಬ್ಬೊಬ್ಬರಿಗೂ ಬಿಡಿಸಿ ಹೇಳಿದ: ಇದು ಕಲಿಯೂದು, ಎರಡು ತಿಂಗಳದ್ದು, ನೌಕರಿ ಇನ್ನೂ ಐತಿ. ಹೇಳುವಾಗ ಅವನ ಮುಖದಲ್ಲಿ ಎಷ್ಟೋ ವರ್ಷದಿಂದ ಇಲ್ಲದ ಬೆಳಕು. ಒಳಗೆ ನಮ್ಮದೇ ಮನುಷ್ಯರೊಬ್ಬರಿದ್ದರೆ ತನ್ನ ವಿಷಯ ತೆಗೆಯುವುದಕ್ಕೆ ಆಗುತ್ತದೆ ಎಂದು ಅವನ ನಂಬಿಕೆ. ನಾನೂ ನಂಬಿದ್ದೆ.

ಹೊರಡುವ ಹಿಂದಿನ ದಿನ ಬೂಟಿನ ವಿಷಯ ಬಂತು. ನನಗಿದ್ದದ್ದು ಚಪ್ಪಲಿ ಮಾತ್ರ. ಕಾಕಾ ತನ್ನ ಬೂಟನ್ನು ತಂದು ನನ್ನ ಮುಂದಿಟ್ಟ. ಮುಂಭಾಗಕ್ಕೆ ಹಳೇ ಧೋತರದ ತುಂಡು ತುರುಕಿ, ಎರಡೆರಡು ಕಾಲುಚೀಲ ಹಾಕಿ, ಹಗ್ಗದ ಹಾಗೆ ಬಿಗಿದು ಕಟ್ಟಿಕೊಟ್ಟ. ಹಾಗೆ ಆ ಬೂಟು ಮೊದಲ ಬಾರಿಗೆ ಗೇಟು ದಾಟಿತು. ಕಾಕಾ ಗೇಟಿನ ಹೊರಗೆ ಬಳ್ಳಾರಿ ಜಾಲಿಯ ಅರೆನೆರಳಲ್ಲಿ ನಿಂತು ಕೈ ಎತ್ತಿದ. ನಾನು ಟಪ್ ಟಪ್ ಅಂತ ಒಳಗೆ ನಡೆದೆ.

"ಏನವಾ, ನೀ ಬೂಟು ಕರಕೊಂಡು ಹೊಂಟಿಯೊ, ಬೂಟು ನಿನ್ನ ಕರಕೊಂಡು ಹೊಂಟಾವೊ?" ಅಂತ ಒಳಗಿನ ಫಿಟ್ಟರ್ ಒಬ್ಬ ನಕ್ಕ. ನನಗೂ ನಗು ಬಂತು.

ಕಲಿತದ್ದೇನು ಅಂತ ಕೇಳಬೇಡಿ. ಹೆಣ್ಣುಮಗಳೆಂದು ಮೊದಲು ಕಂಪ್ಯೂಟರ್ ಮುಂದೆ ಕೂರಿಸಿದರು. ಕಾಡಿ ಬೇಡಿ ರಿಪೇರಿ ಶೆಡ್ಡಿಗೆ ಹೋದೆ. ಅದಿರು ಸಾಗಿಸುವ ಉದ್ದನೆಯ ಬೆಲ್ಟುಗಳ ಬೇರಿಂಗಿಗೆ ಗ್ರೀಸ್ ಹಾಕುವುದು, ಬಿಸಿಯಾದರೆ ಕೈಯಿಟ್ಟು ನೋಡಿ ಹೇಳುವುದು. ಸಂಜೆ ಮನೆಗೆ ಬಂದರೆ ತಲೆಗೂದಲಲ್ಲಿ, ಮೂಗಿನಲ್ಲಿ ಕರಿ ಪುಡಿ. ಆಯಿಗೆ ಇದಾವುದೂ ಬೇಕಿರಲಿಲ್ಲ. ಅವಳ ಪ್ರಶ್ನೆ ಒಂದೇ: ನಮ್ಮ ಹೊಲ ಎಲ್ಲಿ ಬಂತು? ಹಳಿ ಈ ಕಡೆ, ಗುಡ್ಡ ಆ ಕಡೆ, ನಡುವೆ ಬಾವಿ ಅಂತ ಗುರುತು ಹೇಳಿ ಕಳಿಸುತ್ತಿದ್ದಳು. ಹಳಿಯನ್ನೂ ಗುಡ್ಡವನ್ನೂ ಹಿಡಿದು ನೋಡಿದರೆ, ಬಾವಿ ಇದ್ದ ಕಡೆ ಕ್ಯಾಂಟೀನ್ ಕಟ್ಟಿದ್ದರು. ಹೇಳಿದೆ.

"ಉಣ್ಣೂ ಜಾಗ ಆತಲ್ಲ," ಅಂದಳು ಆಯಿ. "ಕಲ್ಲಿದ್ದಲಿ ಹಾಕಿದ್ರ ಹೊಟ್ಟಿ ಉರೀತಿತ್ತು."

ಆ ಕ್ಯಾಂಟೀನಿನಲ್ಲಿ ನಾನು ದಿನಾ ಅನ್ನ ಸಾರು ಉಂಡೆ. ಎರೆ ಮಣ್ಣಿನ ಮೇಲೆ ಹಾಸಿದ ಸಿಮೆಂಟಿನ ಮೇಲೆ, ಕಾಕಾನ ಬೂಟು ಹಾಕಿಕೊಂಡು ಕೂತು.

ಕೊನೆಯ ದಿನ ಸರ್ಟಿಫಿಕೇಟ್ ಕೊಡಲು ಸಾಹೇಬರು ಕರೆದರು. ಊರಿನವರ ವ್ಯವಹಾರವೆಲ್ಲ ಅವರ ಕೈಯಲ್ಲಿತ್ತು, ಕಾಕಾ ಪ್ರತಿ ಸೋಮವಾರ ಗೇಟಿನಲ್ಲಿ ತಡೆದು ಕೇಳುತ್ತಿದ್ದದ್ದೂ ಅವರನ್ನೇ. ನಮ್ಮ ಸೀಮೆಯವರೇ, ನಗುಮುಖದವರು. ಕೂರಿಸಿ ಚಹಾ ತರಿಸಿದರು. ನಾನು ಎರಡು ತಿಂಗಳಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತು ತೆಗೆದೆ.

"ಸರ್, ನಮ್ಮ ಕಾಕಾನ ನೌಕರಿದು ಏನಾತ್ರಿ? ಹೊಲ ಕೊಟ್ಟ ಮನಿಗೊಂದು ಅಂದಿದ್ರಲ್ರಿ."

"ಅದು ಮುಗೀತಲ್ಲವಾ," ಅಂದರು. "ನಿಮ್ಮ ಮನಿಗಿ ಕೊಟ್ಟೇವಲ್ಲ."

"ಯಾವಾಗ್ರಿ?"

"ಅಂದ್ರ? ನೀ ಬಂದಿಯಲ್ಲ!"

ಅವರು ಹಾಸ್ಯ ಮಾಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ.

"ಇದು ಇಂಟರ್ನ್‌ಶಿಪ್ ಅಲ್ರಿ ಸರ್. ಇವತ್ತಿಗಿ ಮುಗಿದ ಹೋತು."

"ಅದು ನಿಮ್ಮ ಕಾಕಾಗ ತಿಳೀಬೇಕಿತ್ತು. ಭೂಮಿ ಕೊಟ್ಟ ಮನಿ, ನಮ್ಮ ಮನಿಗಂತ ಕೊಡ್ರಿ ಅಂತ ತಾನ ಬಂದು ಕೇಳ್ಯಾನ. ಮ್ಯಾಲಿನವ್ರಿಗೆ ನಾನೂ ಹಂಗ ಹೇಳೇನಿ, ಅವರು ನೌಕರಿ ಪಟ್ಟ್ಯಾಗ ನಿಮ್ಮ ಮನಿ ಬಿಟ್ಟಬಿಟ್ಟಾರ. ಇನ್ನ ನನ್ನ ಕೈಯಾಗ ಏನಿಲ್ಲ ನೋಡು. ಚಾ ಆರಾಕತ್ತೈತಿ, ಕುಡಿ."

ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಸಾಹೇಬರ ಕೋಣೆಯಿಂದ ಗೇಟಿನ ತನಕ ಆ ಬೂಟು ಎತ್ತಿಡಲಾರದಷ್ಟು ಭಾರವಾಗಿತ್ತು. ಕಾಕಾ ಜಾಲಿಯ ಕೆಳಗೆ ನಿಂತಿದ್ದ. ನನ್ನ ಕೈಯಲ್ಲಿನ ಸರ್ಟಿಫಿಕೇಟಿನ ಕಡೆ ನೋಡಿ ಮೊದಲು ಬೆವರು ತಾಗಬಾರದೆಂದು ಅಂಗಿಗೆ ಕೈ ಒರೆಸಿಕೊಂಡು, ಅದನ್ನು ಇಸಿದುಕೊಂಡು ಓದಿದ. ನನ್ನ ಹೆಸರಿನ ಮೇಲೆ ಬೆರಳಾಡಿಸಿದ. ಆಮೇಲೆ ಕೇಳಿದ, "ನನ್ನ ಮಾತು ತಗದ್ಯೇನ?"

ಮುಚ್ಚಿಡಲು ನನ್ನಿಂದ ಆಗಲಿಲ್ಲ. ಅಲ್ಲೇ ನಿಂತು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು, ಸಿಟ್ಟು ಬಂತು. ಕಾಕಾ ಸಿಟ್ಟಿಗೇಳಲಿ, ಗೇಟಿಗೆ ಕಲ್ಲು ಬೀಸಲಿ ಎಂದು ಕಾದೆ. ಅವನು ಲಾರಿಗಳು ಎಬ್ಬಿಸಿದ ಧೂಳು ಬೀಳದಂತೆ ಸರ್ಟಿಫಿಕೇಟನ್ನು ಬೆನ್ನ ಹಿಂದೆ ಹಿಡಿದ.

"ಹಂಗ ಕೇಳೇನಿ ಹೌದು," ಅಂದ. "ನಮ್ಮ ಮನಿಗಂತ ಕೇಳೇನಿ."

"ಇದು ಮೋಸ ಕಾಕಾ. ಈಗ ಒಳಗ ಹೋಗಿ ಕೇಳು, ನಾನೂ ಬರ್ತೇನಿ."

"ಇಸಗೊಂಡು ಮತ್ತ ಹ್ಯಾಂಗ ಕೇಳಲಿ ನಮ್ಮವ್ವ?"

"ಏನ ಇಸಗೊಂಡೇವಿ ನಾವು?"

ಕಾಕಾ ನನ್ನ ಕಾಲಿನ ಕಡೆ ನೋಡಿದ. "ನೀ ಒಳಗ ಹೋಗಿ ಬಂದಿಯಲ್ಲ," ಅಂದ. ಗಾಡಿಗೆ ಕಿಕ್ ಹೊಡೆದ.

ಅವನು ಮತ್ತೆಂದೂ ಆ ಗೇಟಿಗೆ ಹೋಗಲಿಲ್ಲ. ಹೊಲ ಕಳೆದುಕೊಂಡವರೆಲ್ಲ ಸೇರಿ ರಸ್ತೆ ಬದಿಯಲ್ಲಿ ಶಾಮಿಯಾನ ಹಾಕಿ ಕೂತಾಗ ಕರೆಯಲು ಬಂದರು. "ತಕರಾರು ಮಾಡಾಕ ನಂಗ ಬಾಯಿಲ್ಲ, ನಮ್ಮ ಮನಿದು ಆಗೇತಿ," ಅಂದು ಅವರಿಗೆ ನೀರು ಕೊಟ್ಟು ಕಳಿಸಿದ. ಅವರು ಬೈದುಕೊಂಡು ಹೋದರು. ನಾನೂ ಬೈದೆ. ಬೈಗುಳ ಯಾರಿಗೆ ತಾಗಬೇಕೋ ಅವರು ದೂರದಲ್ಲಿದ್ದರು, ಕಾಕಾ ಹತ್ತಿರದಲ್ಲಿದ್ದ. ಆ ವರ್ಷದ ಮಹಾನವಮಿಗೆ ರಂಟೆ ಕುಂಟೆಗಳ ಪಕ್ಕದಲ್ಲಿ ಜಾಗ ಖಾಲಿ ಇತ್ತು. ಕುಂಕುಮದ ಬಟ್ಟಲು ಹಿಡಿದ ಆಯಿ ಆ ಜಾಗದ ಮುಂದೆ ಸ್ವಲ್ಪ ನಿಂತಳು.

ಆಯಿಗೆ ಈ ಸಂಗತಿ ನುಂಗಲು ಬಹಳ ಕಾಲ ಹಿಡಿಯಿತು. ಮೊದಲು, ಕೊಟ್ಟಾರಲ್ಲ, ಮುಗೀತು ಅಂದಿದ್ದಳು. ಅವಳದೇ ಕಾನೂನು, ಬೇರೆ ಹೇಗೆ ಅಂದಾಳು? ಆದರೆ ಹಾಸಿಗೆ ಹಿಡಿದ ವರ್ಷ, ಕಾಲು ಒತ್ತುತ್ತಿದ್ದಾಗ ಒಂದು ದಿನ ನನ್ನನ್ನು ಕೇಳಿದಳು.

"ನೀ ಕಲತಾಕಿ ಅದಿ, ಹೇಳು. ಮಜ್ಜಿಗಿ ಕೊಟ್ಟ ಮನ್ಯಾಗ ಕೇಳೂ ಹಂಗ, ಹೊಲ ತಗೊಂಡವರ ಹಂತೇಕೂ ಕೇಳಬೇಕಿತ್ತೇನ?"

ನಾನು ಇಲ್ಲ ಅಂದೆ.

"ಅದನ್ನ ನಾ ಅವಗ ಕಲಸಲಿಲ್ಲ," ಅಂದಳು. "ನಂಗ ಬಂದಿದ್ದಿಲ್ಲ." ಕಾಕಾ ಹೊರಗೆ ಕಟ್ಟೆಯ ಮೇಲಿದ್ದ. ಕೇಳಿಸಿರಬೇಕು. ಎದ್ದು ಕುರಿಗಳ ಕಡೆ ಹೋದ. ಆಯಿ ಆ ಚಳಿಗಾಲ ದಾಟಲಿಲ್ಲ.

ಹೌದು, ಕಾಕಾ ಈಗ ಕುರಿ ಕಾಯುತ್ತಾನೆ. ಕಾರ್ಖಾನೆಯ ಗೋಡೆಯ ಆಚೆ ಉಳಿದ ಬೀಳಿನಲ್ಲಿ ಅವನ ಮಂದೆ ಮೇಯುತ್ತದೆ. ಮದುವೆಯ ಮಾತು ಯಾರೂ ಎತ್ತುವುದಿಲ್ಲ. ಬೂಟನ್ನು ಕೆಲವು ವರ್ಷ ನಾಗಂದಿಗೆಯ ಮೇಲೆ ಇಟ್ಟಿದ್ದ. ಆಮೇಲೆ ಜಾಲಿಮುಳ್ಳಿಗೆ ಒಳ್ಳೆಯದೆಂದು ಹಾಕಿಕೊಳ್ಳತೊಡಗಿದ. ಪಾಲಿಶ್ ಮಾಡುವುದಿಲ್ಲ. ಇನ್ನು ಆ ಸರ್ಟಿಫಿಕೇಟ್. ಕಾಲೇಜಿನಲ್ಲಿ ಅದನ್ನು ನೋಡಿ ಅಂಕ ಕೊಟ್ಟರು ನಿಜ. ನನ್ನ ಈಗಿನ ನೌಕರಿಗೆ ಅದನ್ನು ಯಾರೂ ಕೇಳಲೇ ಇಲ್ಲ. ಇದನ್ನು ಕಾಕಾನಿಗೆ ನಾನು ಹೇಳಿಲ್ಲ, ಅವನು ಕೇಳಿಯೂ ಇಲ್ಲ.

ಸೋಮವಾರ ಆ ಕುಷ್ಟಗಿ ಕಡೆಯವರು ಕೈಮುಗಿದು ನಿಂತಾಗ ಇಷ್ಟೆಲ್ಲ ಒಟ್ಟಿಗೆ ನೆನಪಾಯಿತು. "ನಮ್ಮ ಮನಿಗಿ ಅನ್ನಬ್ಯಾಡ್ರಿ," ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. "ಈ ಹುಡುಗಿಗಿ ಅನ್ರಿ. ಯಾರ ಮುಂದೂ ಮನಿ ಹೆಸರಿಲೆ ಕೇಳಬ್ಯಾಡ್ರಿ."

ಅವರು ಗಾಬರಿಯಾದರು. ತಮ್ಮಿಂದ ಏನು ತಪ್ಪಾಯಿತೆಂದು ಅವರಿಗೆ ಹೇಗೆ ತಿಳಿಯಬೇಕು? ಹುಡುಗಿಯೇ ಮುಂದೆ ಬಂದು, "ನನಗ ಬೇಕ್ರಿ ಮೇಡಮ್," ಅಂದಳು. ಮುಂದಿನ ವಾರದಿಂದ ಬಾ ಅಂದೆ. ಅವರು ಹೋದ ಮೇಲೂ ವಾಸನೆ ಹೋಗಲಿಲ್ಲ. ಬುತ್ತಿ ಹಾಗೇ ಬಿಟ್ಟು, ಕಾಕಾನಿಗೆ ಫೋನ್ ಹಚ್ಚಿದೆ. ಗಾಳಿ, ಕುರಿಗಳ ಸದ್ದು, ಹಿಂದೆ ದೂರದಲ್ಲಿ ಕಾರ್ಖಾನೆಯ ಗುಂಯ್ ಅನ್ನುವ ಸದ್ದು.

"ಕಾಕಾ, ಅಮಾಸಿಗಿ ಬರ್ತೇನಿ. ಏನರ ತರಲೇನ?"

"ಮನಿಗೇನೂ ಬ್ಯಾಡವ್ವ. ಎಲ್ಲಾ ಐತಿ."

"ಮನಿಗಲ್ಲ ಕಾಕಾ. ನಿನಗ. ನಿನಗೇನ ಬೇಕು?"

ಆ ಕಡೆ ಒಂದು ಕುರಿಮರಿ ಹತ್ತಿರದಲ್ಲೇ ಅರಚಿತು.

"ನನಗಾ?" ಅಂದ ಕಾಕಾ.

"ಹೂಂ, ನಿನಗ."

"ತಡಿ, ವಿಚಾರ ಮಾಡಿ ಹೇಳ್ತೇನಿ," ಅಂದ.

ಇವತ್ತು ಶನಿವಾರ. ಇನ್ನೂ ಹೇಳಿಲ್ಲ.